ಮಳೆ ಹೇಳಿಕೊಳ್ಳಲೊಂದು ಗುಂಪು

ಅಂಗಡಿಯ ಶಟರ್ ಅರ್ಧ ಎತ್ತಿದ್ದೆ. ಫೋನು ಗುಂಯ್ ಅಂದಿತು. ನೋಡಿದರೆ ಅಡ್ಮಿನ್ ನನ್ನನ್ನು ನಮ್ಮ ಮಳೆ ಗುಂಪಿನಿಂದ ತೆಗೆದುಹಾಕಿದ್ದರು. ಟೈಪ್ ಮಾಡುವ ಜಾಗದಲ್ಲಿ, ನೀವು ಇನ್ನು ಈ ಗುಂಪಿನ ಸದಸ್ಯರಲ್ಲ ಎಂಬ ಬೂದು ಬಣ್ಣದ ಸಾಲು. ಶಟರನ್ನು ಹಾಗೇ ಬಿಟ್ಟು ಮೆಟ್ಟಿಲ ಮೇಲೆ ಕೂತೆ. ಅವತ್ತಿನ ಮೊದಲ ಗಿರಾಕಿ ಬಗ್ಗಿಕೊಂಡು ಒಳಗೆ ಹೋಗಿ, ಯಾರೂ ಇಲ್ಲವೆಂದು ಮತ್ತೆ ಬಗ್ಗಿಕೊಂಡು ಹೊರಗೆ ಬಂದರು.

ನಾನು ಮಾಡಿದ್ದಾದರೂ ಏನು? ಹಿಂದಿನ ದಿನ ಅಡ್ಮಿನ್‌ಗೆ ಎಲ್ಲೋ ಸನ್ಮಾನವಾಗಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಅವರ ಬೆನ್ನ ಹಿಂದೆ ಬಾಗಿಲಿನಷ್ಟು ದೊಡ್ಡ ಬ್ಯಾನರಿನಲ್ಲಿ ನಾನು ಬರೆದ ಪ್ರೋಗ್ರಾಂ ಮಾಡಿದ ಮಳೆ ಮ್ಯಾಪು. ಕೆಳಗೆ 'ಏಕಾಂಗಿ ಪರಿಶ್ರಮದ ಫಲ' ಎಂಬ ಅಕ್ಷರಗಳು. ಆ ಫೋಟೋವನ್ನು ಅವರೇ ಗುಂಪಿಗೆ ಹಾಕಿದ್ದರು. ಜನ ಸಾಲುಸಾಲಾಗಿ ಕೈ ಮುಗಿಯುವ ಚಿತ್ರ ಕಳಿಸುತ್ತಿದ್ದರು. ನಾನೂ ಬರೆದೆ: "ಅಭಿನಂದನೆ ಸಾರ್. ಪ್ರೋಗ್ರಾಂ ಬರೆದವರ ಹೆಸರನ್ನೂ ಒಂದು ಮಾತು ಹೇಳಬಹುದಿತ್ತು." ಅದಕ್ಕೆ ಬಂದ ಉತ್ತರ ಆ ಬೂದು ಸಾಲು.

ಹೊರಗಿನವರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ಕೊಡಗಿನಲ್ಲಿ ಮಳೆ ಬಿದ್ದರೆ ಸಾಲದು, ಅದನ್ನು ಹೇಳಿಕೊಳ್ಳಬೇಕು. ಸಣ್ಣದಿರಲಿ ದೊಡ್ಡದಿರಲಿ, ಎಸ್ಟೇಟ್ ಅಂದಮೇಲೆ ಒಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅದನ್ನು ಅಳೆದು, ಇಷ್ಟು ಇಂಚು ಇಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು) ಎಂದು ಪಕ್ಕದವರಿಗೆ ತಿಳಿಸಿದರೇನೇ ದಿನ ಶುರುವಾದಂತೆ. "ನಿಮ್ಮಲ್ಲಿ ಎಷ್ಟು ಬಂತು?" ಎನ್ನುವುದು ಇಲ್ಲಿ ಯೋಗಕ್ಷೇಮ ವಿಚಾರಿಸುವ ಮಾತು. ಅದರಲ್ಲೂ ಮಾರ್ಚ್‌ನಲ್ಲಿ, ಕಾಫಿ ಗಿಡ ಮೊಗ್ಗು ಅರಳಿಸುವ ಹೂವಿನ ಮಳೆಗೆ ಕಾದು ನಿಂತಿರುವಾಗ, ಒಬ್ಬರ ಅಂಕಿಯ ಮೇಲೆ ಇನ್ನೊಬ್ಬರ ಕೆಲಸ ನಿಂತಿರುತ್ತದೆ. ಅರೆಬರೆ ಮಳೆಯಾದರೆ ಮೊಗ್ಗು ಕೆಡುತ್ತದೆ, ಕೂಡಲೇ ಸ್ಪ್ರಿಂಕ್ಲರ್ ಹಾಕಬೇಕು. ಎಲ್ಲಿ ಎಷ್ಟು ಬಿತ್ತೆಂದು ಗೊತ್ತಿದ್ದರೆ ಹಾಕಬೇಕೋ ಕಾಯಬೇಕೋ ಎಂದು ತೀರ್ಮಾನಿಸಬಹುದು.

ಮೊದಲು ಇದೆಲ್ಲ ಫೋನ್ ಕರೆಯಲ್ಲಿ ನಡೆಯುತ್ತಿತ್ತು. ಆಮೇಲೆ ಶ್ರೀಮಂಗಲದ ಕಡೆಯ ಒಬ್ಬ ಎಸ್ಟೇಟ್ ಮಾಲೀಕರು ಎಲ್ಲರ ಫೋನಿನಲ್ಲೂ ಇರುವ ಆ್ಯಪಿನಲ್ಲಿ ಗುಂಪು ಮಾಡಿದರು. ಅವರೇ ಈ ಅಡ್ಮಿನ್. ಪೊನ್ನಂಪೇಟೆಯಲ್ಲಿ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟುಕೊಂಡಿರುವ ನಾನು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಬಾಟ್ ಬರೆದೆ. ಬಾಟ್ ಎಂದರೆ ಗುಂಪಿನಲ್ಲಿ ಸದಸ್ಯನಂತೆ ಕೂತು ಅಂಕಿಗಳನ್ನು ಓದುವ ಪ್ರೋಗ್ರಾಂ. ಓದಿದ್ದನ್ನು ಬಣ್ಣದ ಮ್ಯಾಪು ಮಾಡಿ ಗುಂಪಿಗೇ ವಾಪಸ್ ಹಾಕುತ್ತಿತ್ತು. ಕೋಡನ್ನು ಮುಕ್ತವಾಗಿ ಇಟ್ಟೆ. ಯಾರು ಬೇಕಾದರೂ ನೋಡಲಿ, ತಿದ್ದಲಿ, ತಮ್ಮ ಊರಿಗೆ ಒಯ್ಯಲಿ ಎಂದು. ನಾನು ಮುಖ ನೋಡದ ಒಬ್ಬ ಕೋಡರ್ ಎಲ್ಲೋ ದೂರದಿಂದ ತಪ್ಪುಗಳನ್ನು ಸರಿಮಾಡಿ ಕಳಿಸುತ್ತಿದ್ದರು. ಕೇರಳದ ಗಡಿಯಲ್ಲಿರುವ ಕುಟ್ಟದ ಮೊಬೈಲ್ ಅಂಗಡಿಯವರು ಮಲಯಾಳದ ಪದಗಳನ್ನು ಸೇರಿಸಿಕೊಟ್ಟರು.

ಮೆಟ್ಟಿಲ ಮೇಲೆ ಕೂತಾಗ ಹೊಳೆದದ್ದು ಇದು. ಕೋಡ್ ನನ್ನ ಬಳಿ ಇದೆ, ಅದನ್ನು ಯಾರೂ ಕಸಿಯಲಾರರು. ಆದರೆ ಅಂಕಿ ಕೊಡುವ ಜನ ಅವರ ಗುಂಪಿನಲ್ಲಿದ್ದಾರೆ. ಜನರಿಲ್ಲದಿದ್ದರೆ ನನ್ನ ಮ್ಯಾಪು ಖಾಲಿ ಕಾಗದ. ಜನ ಅಲ್ಲೇ ಉಳಿದರೆ ನನ್ನ ಇಷ್ಟು ವರ್ಷದ ಕೆಲಸ ಆ ಬ್ಯಾನರಿನ ಬಟ್ಟೆಯಾಗಿಯೇ ಉಳಿಯುತ್ತದೆ. ಹಾಗಾಗಿ ಜನರನ್ನು ಬೇರೆ ಕಡೆಗೆ ಕರೆತರಬೇಕು. ಒಳ್ಳೆಯ ಉದ್ದೇಶ, ಸಮುದಾಯದ ಹಿತ ಎಂದೆಲ್ಲ ಆಮೇಲೆ ನಾನೇ ಹೇಳಿದ್ದೇನೆ. ಆದರೆ ಅವತ್ತು ನನಗೆ ಬೇಕಾಗಿದ್ದದ್ದು ಸೇಡು. ಆ ಮನುಷ್ಯ ಒಬ್ಬರೇ ತಮ್ಮ ಗುಂಪಿನಲ್ಲಿ ಕೂತು ಗೋಡೆ ನೋಡುವುದನ್ನು ನಾನು ನೋಡಬೇಕಿತ್ತು.

ಮಧ್ಯಾಹ್ನ ರೈಟರ್ ಬಂದರು. ಅಡ್ಮಿನ್‌ರ ತೋಟಕ್ಕೆ ಅಂಟಿಕೊಂಡ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಎಲ್ಲ ನೋಡಿಕೊಳ್ಳುವವರು. ಅಲ್ಲಿನ ಮಳೆ ಅಳೆದು ಕಳಿಸುವವರೂ ಅವರೇ.

"ಅಕ್ಕ, ನಿಮ್ಮನ್ನ ರಿಮೂವ್ ಮಾಡಿದ್ದಾರಲ್ಲ!"

"ಗುಂಪಲ್ಲಿ ಎಂತ ಹೇಳ್ತಿದ್ದಾರೆ ರೈಟರೇ?"

"ಎಂತ ಹೇಳೋದು? ಒಬ್ರೂ ಉಸಿರು ಬಿಡ್ಲಿಲ್ಲ. ಎಲ್ಲ ಅವರವರ ಮೋಡದ ಫೋಟೋ ಹಾಕ್ಕೊಂಡು ಕೂತಿದ್ದಾರೆ."

ಅದನ್ನು ಕೇಳಿ ಮೈ ಇನ್ನಷ್ಟು ಉರಿಯಿತು. ಅದೇ ಆ್ಯಪಿನಲ್ಲಿ ಇನ್ನೊಂದು ಗುಂಪು ಮಾಡೋಣವೆಂದೆ. ಹೆಸರನ್ನೂ ಯೋಚಿಸಿದ್ದೆ, ಅವರ ಹೊಟ್ಟೆ ಉರಿಯುವಂಥ ಹೆಸರು. ರೈಟರ್ ಪ್ರಿಂಟುಗಳನ್ನು ಮಡಚುತ್ತಾ, "ಆಗ ನೀವು ಅಡ್ಮಿನ್, ಅಷ್ಟೇ ಅಲ್ವಾ?" ಅಂದರು. ಕುಹಕವೇನೂ ಇರಲಿಲ್ಲ, ಸುಮ್ಮನೆ ಕೇಳಿದ್ದು. ಆದರೂ ನನಗೆ ಸಿಟ್ಟು ಬಂತು. ಅವರು ಹೋದ ಮೇಲೆ ನೋಡಿದರೆ ಆ ಆ್ಯಪಿಗೆ ಬೇರೆ ತೊಂದರೆಗಳೂ ಇದ್ದವು. ಹೊಸದಾಗಿ ಸೇರಿದವರಿಗೆ ಹಳೆಯ ಅಂಕಿಗಳು ಕಾಣುವುದಿಲ್ಲ. ಪ್ರತಿಯೊಬ್ಬರ ನಂಬರೂ ಎಲ್ಲರಿಗೂ ಕಾಣುತ್ತದೆ. ಗುಂಪಿನಲ್ಲಿ ಮಳೆ ಹಾಕುತ್ತಿದ್ದ ಹೆಂಗಸರಿಗೆ ಮಳೆಗೆ ಸಂಬಂಧವಿಲ್ಲದ ಕರೆಗಳು ಬಂದದ್ದು ನನಗೆ ಗೊತ್ತಿತ್ತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ದೂರದ ಕೋಡರ್ ಎರಡನೆಯ ದಾರಿಯಾಗಿ ಬೇರೊಂದು ಆ್ಯಪನ್ನು ಸೂಚಿಸಿದರು. ಕೋಡ್ ಬರೆಯುವವರೆಲ್ಲ ಸೇರುವ ಜಾಗ ಅದು. ಒಂದೊಂದು ವಿಷಯಕ್ಕೆ ಒಂದೊಂದು ಕೋಣೆ, ಉತ್ತರಕ್ಕೆ ಉತ್ತರ ಜೋಡಿಸಬಹುದು, ಹುಡುಕಬಹುದು, ಬಾಟ್‌ಗೂ ಸುಲಭ. ನನಗೂ ಇಷ್ಟವಾಯಿತು. ಪ್ರಯೋಗಕ್ಕೆ ಕುಟ್ಟಕ್ಕೆ ಹೋದೆ. ಮೊಬೈಲ್ ಅಂಗಡಿಯವರು ರಿಪೇರಿಗೆ ಬಂದವರನ್ನೆಲ್ಲ ಹಿಡಿದು ಕೂರಿಸಿದ್ದರು. ಹೆಚ್ಚಿನವರ ಬಳಿ ಇಮೇಲ್ ಇತ್ತು, ಪಾಸ್‌ವರ್ಡ್ ಇರಲಿಲ್ಲ. ಫೋನು ಕೊಂಡ ದಿನ ಅಂಗಡಿಯಲ್ಲಿ ಯಾರೋ ಮಾಡಿಕೊಟ್ಟದ್ದು. ಅದನ್ನು ದಾಟಿ ಮುಂದೆ ಹೋದವರಿಗೆ, ನೀವು ಮನುಷ್ಯರೇ ಎಂದು ಸಾಬೀತುಮಾಡಿ, ಟ್ರಾಫಿಕ್ ಲೈಟ್ ಇರುವ ಚಿತ್ರಗಳನ್ನು ಒತ್ತಿ ಎಂದು ಬಂತು.

"ಕುಟ್ಟದಲ್ಲಿ ಟ್ರಾಫಿಕ್ ಲೈಟ್ ಎಲ್ಲಿಂದ ತರೋದು ಚೇಚಿ? ಆನೆ ಚಿತ್ರ ಕೊಟ್ರೆ ಒತ್ತುತ್ತಿದ್ರು," ಅಂದರು ಅಂಗಡಿಯವರು. ಅವರು ನನ್ನನ್ನು ಮಲಯಾಳದಲ್ಲಿ ಚೇಚಿ, ಅಂದರೆ ಅಕ್ಕ ಎಂದೇ ಕರೆಯುವುದು.

ಹೇಗೋ ಒಳಗೆ ಹೋದವರು ಕೋಣೆಗಳ ಸಾಲು ನೋಡಿ ಕಂಗಾಲಾದರು. ಒಬ್ಬರು ತಮ್ಮ ಮಳೆಯನ್ನು 'ದೋಷ ವರದಿ' ಕೋಣೆಯಲ್ಲಿ ಹಾಕಿದರು. ಅದೂ ಅಲ್ಲದೆ ಆ ಜಾಗ ಒಂದು ಕಂಪನಿಯದು. ನಾಳೆ ಅವರು ಬಾಗಿಲು ಹಾಕಿದರೆ ಮತ್ತೆ ನಾನು ಮೆಟ್ಟಿಲ ಮೇಲೆ. ಸಂಜೆಯ ಬಸ್ಸಿನಲ್ಲಿ ವಾಪಸ್ ಬರುವಾಗ ಅಡ್ಮಿನ್‌ರ ಗೇಟು ಕಂಡಿತು. ಹಲ್ಲು ಕಡಿದುಕೊಂಡು ಆ ಕಡೆಯ ಕಿಟಕಿಯ ಗಾಜು ಎಳೆದೆ.

ಮೂರನೆಯದು ಸ್ವತಂತ್ರ ತಂತ್ರಾಂಶ, ನಮ್ಮದೇ ಸರ್ವರಿನಲ್ಲಿ ನಡೆಸುವಂಥದ್ದು. ಫೋನ್ ನಂಬರ್ ಬೇಡ, ಇಮೇಲ್ ಕಡ್ಡಾಯವಲ್ಲ. ಅಂಗಡಿಯ ಕರೆಂಟನ್ನು ನಂಬಿ ಸರ್ವರ್ ಇಡಲಾಗದು ಎಂದು ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿದೆ. ಅನುಸ್ಥಾಪನೆ ಸುಲಭವಾಗಿಯೇ ಮುಗಿಯಿತು. ಎಡವಿದ್ದು ಆಮೇಲೆ. ಕೋಣೆ ತೆರೆಯುವಾಗ ಎನ್‌ಕ್ರಿಪ್ಶನ್, ಅಂದರೆ ಸಂದೇಶಗಳಿಗೆ ಬೀಗ, ಬೇಕೇ ಎಂದು ಕೇಳಿತು. ಖಂಡಿತ ಬೇಕು, ಖಾಸಗಿತನ ಮೊದಲು ಎಂದು ಕೋಡರ್ ಬರೆದರು. ಅಡ್ಮಿನ್ ಕದ್ದು ನೋಡಬಾರದು ಎಂಬ ಹಟ ನನಗೂ ಇತ್ತು, ಒತ್ತಿದೆ. ಮೊದಲ ಬೆಳಿಗ್ಗೆಯೇ ಬಾಟ್ ಕೈ ಚೆಲ್ಲಿತು. ಬೀಗ ಹಾಕಿದ ಸಂದೇಶಗಳನ್ನು ಅದು ಓದಲಾರದು. ಫೋನು ಬದಲಿಸಿದವರಿಗೆ ತಾವೇ ಬರೆದದ್ದು ತೆರೆಯಲಿಲ್ಲ. ನಿಮ್ಮ ಸಾಧನವನ್ನು ವೆರಿಫೈ ಮಾಡಿ ಎಂಬ ಕೆಂಪು ಗುರುತು ನೋಡಿ, ಇದಕ್ಕೆ ಪೊಲೀಸ್ ಸ್ಟೇಷನ್‌ಗೆ ಹೋಗಬೇಕಾ ಎಂದು ಒಬ್ಬರು ಕರೆ ಮಾಡಿದರು. ಎನ್‌ಕ್ರಿಪ್ಶನ್ ತೆಗೆಯೋಣವೆಂದು ಹೋದರೆ, ಒಮ್ಮೆ ಹಾಕಿದ ಮೇಲೆ ಆ ಕೋಣೆಯಲ್ಲಿ ಅದನ್ನು ತೆಗೆಯುವ ಹಾಗೇ ಇಲ್ಲ. ಕಷ್ಟಪಟ್ಟು ಸೇರಿಸಿದವರನ್ನೆಲ್ಲ ಇನ್ನೊಂದು ಕೋಣೆಗೆ ಮತ್ತೆ ಕರೆಯಬೇಕಾಯಿತು. ಅರ್ಧ ಜನ ಬರಲಿಲ್ಲ.

"ಮಳೆನ ಗುಟ್ಟಾಗಿ ಇಡೋರು ಯಾರಿದ್ದಾರೆ ಚೇಚಿ ಇಲ್ಲಿ?" ಎಂದು ಕುಟ್ಟದವರು ಫೋನಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ.

ಅದೇ ವಾರ ಅಡ್ಮಿನ್‌ಗೆ ಸುದ್ದಿ ಮುಟ್ಟಿತು. ಹಳೆಯ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು. ರೈಟರ್ ತಮ್ಮ ಫೋನನ್ನು ನನ್ನ ಕೌಂಟರ್ ಮೇಲಿಟ್ಟು ಕೇಳಿಸಿದರು. ನಿಧಾನವಾದ, ಹಿರಿಯರ ದನಿ: "ಯಾವುದೋ ಹೊಸ ಆ್ಯಪ್ ಓಡಾಡ್ತಾ ಉಂಟು. ಹಾಕಿದವರ ಬ್ಯಾಂಕ್ ಖಾತೆಗೆ ನಾವು ಜವಾಬ್ದಾರರಲ್ಲ. ನಿಮ್ಮ ಒಳ್ಳೇದಕ್ಕೆ ಹೇಳೋದು." ಅಷ್ಟೇ ಸಾಕಾಯಿತು. ಸಂಜೆಯೊಳಗೆ ನನ್ನ ಹೊಸ ಕೋಣೆಯಿಂದ ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ನಾನು ಅವರ ಮಕ್ಕಳ ಅರ್ಜಿ ತುಂಬಿಕೊಟ್ಟಿದ್ದೆ, ಅವರ ಆಧಾರ್ ತಿದ್ದಿಸಿಕೊಟ್ಟಿದ್ದೆ. ಅಂಥವರೂ ಒಂದು ಮಾತು ಕೇಳದೆ ಹೋದರು. ಅವತ್ತು ನನಗೆ ಅತ್ತುಬಿಡುವಷ್ಟು ಅವಮಾನವಾಯಿತು.

ಕೈಯಲ್ಲಿ ಒಂದು ಅಸ್ತ್ರವಿತ್ತು. ಹಳೆಯ ಗುಂಪಿನಲ್ಲಿ ಬಾಟ್ ಇನ್ನೂ ಕೆಲಸ ಮಾಡುತ್ತಿತ್ತು. ನನ್ನನ್ನು ತೆಗೆದವರು ಅದನ್ನು ತೆಗೆದಿರಲಿಲ್ಲ, ಏಕೆಂದರೆ ಅದು ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಓಡುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನಾಳೆಯೇ ನಿಲ್ಲಿಸುತ್ತೇನೆ ಎಂದೆ.

ರೈಟರ್ ಗಾಬರಿಯಾದರು. "ಬೇಡ ಅಕ್ಕ. ಹೂವಿನ ಮಳೆ ಟೈಮ್. ಮ್ಯಾಪ್ ನೋಡ್ಕೊಂಡೇ ನಮ್ಮ ಧಣಿ ಸ್ಪ್ರಿಂಕ್ಲರ್ ಹಾಕಿಸೋದು. ಅವರ ಮೇಲಿನ ಸಿಟ್ಟಿಗೆ ನಮ್ಮ ಮೊಗ್ಗು ಯಾಕೆ ಸುಡ್ತೀರಿ?"

"ನನ್ನ ಹೊಟ್ಟೆ ಸುಡ್ತಿರೋದು ಕಾಣ್ಸಲ್ವಾ ನಿಮ್ಗೆ?"

"ಕಾಣ್ತದೆ. ಆದ್ರೂ ಬೇಡ."

ಬಾಟನ್ನು ನಿಲ್ಲಿಸದೆಯೇ ಎರಡು ದಿನ ಕಳೆದೆ. ಅಷ್ಟರಲ್ಲಿ ಅಡ್ಮಿನ್ ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಂಡರು. ಮೇಡಂ ಎಲ್ಲಿ, ಯಾಕೆ ತೆಗೆದಿರಿ ಎಂದು ಯಾರೋ ಇಬ್ಬರು ಕೇಳಿದರಂತೆ. ತಕ್ಷಣ ಸೆಟ್ಟಿಂಗ್ ಬದಲಿಸಿ, ಅಡ್ಮಿನ್ ಮಾತ್ರ ಬರೆಯಬಹುದು ಎಂದು ಮಾಡಿದರು. ನಿಮ್ಮ ಮಳೆಯನ್ನು ನನಗೆ ಪರ್ಸನಲ್ಲಾಗಿ ಕಳಿಸಿ, ಪಟ್ಟಿ ಮಾಡಿ ನಾನೇ ಹಾಕುತ್ತೇನೆ ಎಂದರು. ಬಾಟ್ ಕೂಡ ಸಾಮಾನ್ಯ ಸದಸ್ಯನೇ ತಾನೇ? ಅದರ ಬಾಯಿಯೂ ಮುಚ್ಚಿತು. ಮಾರನೆಯ ದಿನ ಮ್ಯಾಪು ಬರಲಿಲ್ಲ. ನಾನು ಬೆರಳೂ ಆಡಿಸಿರಲಿಲ್ಲ.

ಅವರು ರೈಟರ್ ಕೈಯಲ್ಲಿ ಹೇಳಿಕಳಿಸಿದರು, ಆ ಮೆಷೀನ್ ಕೆಟ್ಟಿದೆ, ರಿಪೇರಿ ಮಾಡುವವರು ಯಾರಾದರೂ ಇದ್ದಾರಾ ನೋಡು ಎಂದು. ಬಾಟ್‌ನ ನಂಬರನ್ನೂ ಅಡ್ಮಿನ್ ಮಾಡಿ, ಪಟ್ಟಿಯನ್ನು ಸರಿಯಾಗಿ ಹಾಕಿದ್ದರೆ ಅದು ಮತ್ತೆ ಶುರುವಾಗುತ್ತಿತ್ತು. ನಾನು ಹೇಳಿಕೊಡಲಿಲ್ಲ. "ನೋಡ್ತೇನೆ ಅಂತ ಹೇಳಿ," ಎಂದು ಕಳಿಸಿದೆ.

ಆದರೆ ರೈಟರ್ ಹೋಗಲಿಲ್ಲ. ಕೌಂಟರಿಗೆ ಒರಗಿ ನಿಂತೇ ಇದ್ದರು.

"ನಿನ್ನೆ ಸಂಜೆ ನಮ್ಮಲ್ಲಿ ಹದಿನೈದು ಸೆಂಟ್ ಬಂತಕ್ಕ," ಅಂದರು. ನಾನು ಹ್ಞೂಂ ಅಂದೆ. ಪ್ರಿಂಟ್ ತೆಗೆಸಲು ಬಂದಿದ್ದ ಅಪರಿಚಿತರೊಬ್ಬರ ಕಡೆ ತಿರುಗಿ, "ಹದಿನೈದು ಸೆಂಟ್. ಗೇಟಿನಿಂದ ಆಚೆ ಒಂದು ಹನಿ ಇಲ್ಲ," ಅಂದರು. ಆ ಮನುಷ್ಯ ತಾನು ಹುಣಸೂರಿನವನು, ಈ ಕಡೆಯವನಲ್ಲ ಎಂದ. ರೈಟರ್ ಹೊರಗೆ ಹೋಗಿ ಆಟೋದವರಿಗೂ ಅದನ್ನೇ ಹೇಳುತ್ತಿರುವುದು ಕಿವಿಗೆ ಬಿತ್ತು. ಧೂಳು ಅಡಗುವಷ್ಟೇ ಇದ್ದ ಆ ಮಳೆಯನ್ನು ಅವರಿಗೆ ಯಾರಿಗಾದರೂ ಒಪ್ಪಿಸಲೇಬೇಕಿತ್ತು.

ಆಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಇಷ್ಟು ದಿನ ಕೋಣೆಗಳು, ಹುಡುಕಾಟ, ಎನ್‌ಕ್ರಿಪ್ಶನ್ ಎಂದು ತೂಗಿ ನೋಡುತ್ತಾ ಕೂತಿದ್ದೆ. ಜನ ಗುಂಪಿಗೆ ಬರುತ್ತಿದ್ದದ್ದು ನನ್ನ ಮ್ಯಾಪಿಗಾಗಿ ಎಂದು ನಾನು ತಿಳಿದಿದ್ದೆ, ತಮಗಾಗಿ ಎಂದು ಅಡ್ಮಿನ್ ತಿಳಿದಿದ್ದರು. ಅವರು ಬರುತ್ತಿದ್ದದ್ದು ತಮ್ಮ ಮಳೆ ಹೇಳಿಕೊಳ್ಳಲು, ಪಕ್ಕದವರು ಹೊಟ್ಟೆಕಿಚ್ಚಿನಿಂದ "ಭಾಗ್ಯವಂತರು ಬಿಡಿ" ಎನ್ನುವುದನ್ನು ಕೇಳಲು. ಹೂವಿನ ಮಳೆಯ ಹೊತ್ತಿನಲ್ಲಿ ಆ ಪುಣ್ಯಾತ್ಮ ಇಡೀ ತಾಲೂಕಿನ ಬಾಯಿಗೆ ಬೀಗ ಹಾಕಿದ್ದರು. ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಇನ್ನು ಸಿಗುವಂತಿರಲಿಲ್ಲ.

ಮೂರನೆಯ ತಂತ್ರಾಂಶವನ್ನೇ ಇಟ್ಟುಕೊಂಡೆ, ಆದರೆ ಬೇಡದ್ದನ್ನೆಲ್ಲ ಕಿತ್ತು ಹಾಕಿದೆ. ಒಂದೇ ಕೋಣೆ. ಎನ್‌ಕ್ರಿಪ್ಶನ್ ಇಲ್ಲ. ಓದಲು ಲಾಗಿನ್ ಬೇಡ, ಕೊಂಡಿ ಒತ್ತಿದರೆ ಬ್ರೌಸರಿನಲ್ಲೇ ಕಾಣುತ್ತದೆ, ಮ್ಯಾಪು ಕೂಡ. ಬರೆಯಬೇಕಾದವರಿಗೆ ನನ್ನ ಅಂಗಡಿಯಲ್ಲೋ ಕುಟ್ಟದ ಅಂಗಡಿಯಲ್ಲೋ ಖಾತೆ ಮಾಡಿಕೊಡುವುದು. ಅಂಕಿಯನ್ನು ಹೇಗೆ ಬರೆದರೂ ಬಾಟ್ ಒಪ್ಪಿಕೊಳ್ಳುವಂತೆ ತಿದ್ದಿದೆ. ಬರೆಯಲು ಸೋಮಾರಿತನವಿದ್ದವರು ಮಾತಾಡಿ ಕಳಿಸಲಿ, ನಾವು ಕೇಳಿ ತುಂಬುತ್ತೇವೆ. ಮುಖ್ಯವಾಗಿ ಇನ್ನೊಂದು ಸೇರಿಸಿದೆ. ದಿನಾ ಬೆಳಿಗ್ಗೆ ಬಾಟ್ ಪ್ರತಿಯೊಬ್ಬರ ಹೆಸರು ಹಿಡಿದು ಕೇಳಬೇಕು: ನಿಮ್ಮಲ್ಲಿ ಎಷ್ಟು ಬಂತು?

ಅಧಿಕಾರದ ವಿಷಯ ಬಂದಾಗ ಕೋಡರ್ ಎಚ್ಚರಿಸಿದರು. ಮೇಲಿನ ಮಟ್ಟವನ್ನು ನೀವೊಬ್ಬರೇ ಇಟ್ಟುಕೊಳ್ಳಿ, ತೊಂದರೆ ಬಂದರೆ ಬೇಕಾಗುತ್ತದೆ ಎಂದು. ಆ ತಂತ್ರಾಂಶದಲ್ಲಿ ಸಮಾನ ಮಟ್ಟದವರು ಒಬ್ಬರನ್ನೊಬ್ಬರು ತೆಗೆಯಲೂ ಆಗದು, ಇಳಿಸಲೂ ಆಗದು. ನಾನು ರೈಟರ್‌ಗೂ ಕುಟ್ಟದವರಿಗೂ ನನ್ನಷ್ಟೇ ಅಧಿಕಾರ ಕೊಟ್ಟೆ. ನಾನು ಮಾಡಿದ ಜಾಗದಲ್ಲಿ ನಾನೂ ಆ ಅಡ್ಮಿನ್‌ರಂತೆ ಆಗುವ ಹಾಗಿರಬಾರದು. ಅದು ಉದಾರತನವಲ್ಲ, ಅವರಿಗೆ ಚುಚ್ಚಬೇಕೆಂದು ಮಾಡಿದ್ದು. ಇನ್ನೊಂದು ಆಸೆಯೂ ಇತ್ತು, ಅಡ್ಮಿನ್‌ರ ಹೆಸರನ್ನು ಮೊದಲೇ ನಿಷೇಧಿಸಿಡುವುದು.

"ಅವರು ಇನ್ನೂ ಬಂದೇ ಇಲ್ಲ ಚೇಚಿ, ಹೊರಗೆ ಹಾಕೋದು ಎಂಗನೆ?" ಅಂದರು ಕುಟ್ಟದವರು. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಎರಡೂ ಅಂಗಡಿಗಳ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದೆವು. ಮೊದಲ ದಿನಗಳಲ್ಲಿ ಬಂದವರು ಬೆರಳೆಣಿಕೆಯಷ್ಟು. ಆಮೇಲೆ ಒಂದು ಸಂಜೆ ಕುಟ್ಟದಿಂದ ಶ್ರೀಮಂಗಲದವರೆಗೆ ಹೂವಿನ ಮಳೆ ಜಡಿಯಿತು. ಬೆಳಿಗ್ಗೆ ರೈಟರ್ ತಮ್ಮ ಅಂಕಿ ಹಾಕಿ, ಆ ಕೊಂಡಿಯನ್ನು ತಮ್ಮ ಪರಿಚಯದವರಿಗೆಲ್ಲ ಕಳಿಸಿದರು. ನಾನು ಶಟರ್ ಎತ್ತುವಷ್ಟರಲ್ಲಿ ಹೊರಗೆ ಜನ ನಿಂತಿದ್ದರು. ಬ್ಯಾಂಕ್ ಖಾತೆಯ ಮಾತಿಗೆ ಹೆದರಿ ಓಡಿದ್ದವರೂ ಇದ್ದರು. "ನಂದೊಂದು ಖಾತೆ ಬೇಗ ಮಾಡಿ ಮೇಡಂ, ಒಂದು ಮೂವತ್ತು ಬಂದಿದೆ," ಎಂದು ಒಬ್ಬರು ಕೌಂಟರಿನಾಚೆಯಿಂದಲೇ ಕೂಗಿದರು. ಮಧ್ಯಾಹ್ನದ ಹೊತ್ತಿಗೆ ಮ್ಯಾಪಿನ ದಕ್ಷಿಣ ಭಾಗವೆಲ್ಲ ನೀಲಿಯಾಯಿತು. ಅಡ್ಮಿನ್‌ರ ತೋಟದ ಜಾಗ ಮಾತ್ರ ಬೆಳ್ಳಗಿತ್ತು. ಆ ದಿನ ಮೋಡ ಅವರ ಗೇಟಿನವರೆಗೆ ಬಂದು ತಿರುಗಿತ್ತಂತೆ. ಕೇಳಿ ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

ಅವರಿಗೆ ಬಿದ್ದದ್ದು ಮುಂದಿನ ವಾರ, ಸುತ್ತಮುತ್ತ ಯಾರಿಗೂ ಬೀಳದಷ್ಟು ಜೋರಾಗಿ. ರೈಟರ್ ಫೋನು ಮಾಡಿ ಹೇಳಿದರು. ಹಳೆಯ ಗುಂಪಿನಲ್ಲಿ ಹಾಕಿಕೊಂಡಿದ್ದಾರೆ, ಬೀಗವನ್ನೂ ತೆಗೆದಿದ್ದಾರೆ, ಒಬ್ಬರೂ ಮಾತಾಡಿಲ್ಲ ಎಂದರು. ಹೆಸರುಗಳೆಲ್ಲ ಇನ್ನೂ ಅಲ್ಲೇ ಇದ್ದವು. ಯಾರೂ ಬಿಟ್ಟು ಹೋಗಿರಲಿಲ್ಲ, ಆ ಕಡೆ ನೋಡುವುದನ್ನು ಬಿಟ್ಟಿದ್ದರು ಅಷ್ಟೇ.

"ಪಾಪ, ಬಿಟ್ಬಿಡಿ ಅಕ್ಕ ಇನ್ನು," ಅಂದರು ರೈಟರ್.

ಅದೇ ದಿನ ಹನ್ನೊಂದರ ಸುಮಾರಿಗೆ ಅಡ್ಮಿನ್ ನನ್ನ ಅಂಗಡಿಗೆ ಬಂದರು. ಶೂಗಳಿಗೆ ಒದ್ದೆ ಮಣ್ಣು ಮೆತ್ತಿತ್ತು. ಅವುಗಳನ್ನು ಮೆಟ್ಟಿಲ ಬಳಿ ಬಿಚ್ಚಿ, ಜೇಬಿನಿಂದ ಆಧಾರ್ ಕಾರ್ಡು ತೆಗೆದರು.

"ಇದರದ್ದು ಒಂದು ಜೆರಾಕ್ಸ್ ಬೇಕಿತ್ತಮ್ಮ."

"ಕೊಡಿ ಸಾರ್."

ಎರಡೂ ಬದಿ ತೆಗೆದು ಕೊಟ್ಟೆ. ಅವರು ಹೋಗಲಿಲ್ಲ.

"ಸೆಕೆ ಸ್ವಲ್ಪ ಕಡಿಮೆ ಆಯ್ತಲ್ವಾ?"

"ಹೌದು ಸಾರ್."

"ಈ ಕಡೆ ಮೋಡ ಇತ್ತಾ ನಿನ್ನೆ?"

"ಇತ್ತು ಸಾರ್."

ಗೋಡೆಯ ಮೇಲಿನ ಕ್ಯೂಆರ್ ಕೋಡಿನ ಕೆಳಗಿನ ಬರಹವನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. "ಇದಕ್ಕೆ ಯಾರು ಬೇಕಾದ್ರೂ ಸೇರ್ಬಹುದಾ?"

"ಯಾರು ಬೇಕಾದ್ರೂ. ಹೆಸರು ಹೇಳಿದ್ರೆ ಈಗ್ಲೇ ಮಾಡಿಕೊಡ್ತೇನೆ."

ಫೋನಿದ್ದ ಜೇಬನ್ನು ಮುಟ್ಟಿಕೊಂಡರು, ತೆಗೆಯಲಿಲ್ಲ. ನನ್ನನ್ನೇ ನೋಡುತ್ತಾ ನಿಂತರು. ಅವರು ಯಾವ ಮಾತಿಗೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಕೊಡಗಿನಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಬಟ್ಟೆ ತೆಗೆದುಕೊಂಡು ಮೆಷೀನಿನ ಗಾಜು ಒರೆಸಿದೆ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದೆ.

"ಸರಿ, ಬರ್ತೇನೆ," ಅಂದರು.

"ಬನ್ನಿ ಸಾರ್."

ಅವರು ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳತೊಡಗಿದರು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ, ಬಾಳೆಲೆ ಕಡೆಯ ಸಣ್ಣ ಬೆಳೆಗಾರರು, ಅವರನ್ನು ದಾಟಿಕೊಂಡು ಒಳಗೆ ಬಂದರು. ಬಂದವರು ಕೈಚೀಲ ಕೆಳಗಿಡುವ ಮೊದಲೇ ನಾನು ಕೌಂಟರಿನ ಮೇಲೆ ಬಾಗಿ, ಮೆಟ್ಟಿಲಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದೆ:

"ಬನ್ನಿ ಬನ್ನಿ. ನಿಮ್ಮಲ್ಲಿ ಎಷ್ಟು ಬಂತು?"